ಪುಕ್ಕಲು ಅಪ್ಪನೇ ಆ ಕೆಮಿಸ್ಟ್ರಿ ಮೇಷ್ಟ್ರು

ಪ್ರಶ್ನೆ: ನಾನು 'ಬ್ರೇಕಿಂಗ್ ಬ್ಯಾಡ್' ಪೂರ್ತಿ ನೋಡಿದ್ದೇನೆ. ಈಚೆಗೆ ಮಗಳು 'ಮ್ಯಾಲ್ಕಮ್ ಇನ್ ದ ಮಿಡಲ್' ಅನ್ನುವ ಹಳೆಯ ಅಮೆರಿಕನ್ ಕಾಮಿಡಿ ಸೀರಿಯಲ್‌ನ ತುಣುಕುಗಳನ್ನು ಫೋನಿನಲ್ಲಿ ತೋರಿಸಿದಳು. ಅದರಲ್ಲಿ ಬಿಳಿ ಚಡ್ಡಿಯಲ್ಲಿ ಓಡಾಡುವ ಪೆದ್ದ ಅಪ್ಪ ಅದೇ ನಟನಂತೆ! ನಂಬೋಕೇ ಆಗಲಿಲ್ಲ. ಇದು ಹೇಗೆ ಸಾಧ್ಯವಾಯಿತು? ಅವರೊಬ್ಬರೇ ಅಷ್ಟು ಎತ್ತರಕ್ಕೆ ಹೋದರು. ಉಳಿದವರು, ಅದರಲ್ಲೂ ಆ ಹುಡುಗರು, ಯಾಕೆ ಕಾಣೆಯಾದರು? ನೋಡುವುದಾದರೆ ಯಾವ ಕಂತಿನಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. 'ಬ್ರೇಕಿಂಗ್ ಬ್ಯಾಡ್'ನಲ್ಲಿ ಕದ್ದುಮುಚ್ಚಿ ಮಾದಕವಸ್ತು ತಯಾರಿಸುವ ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್, 'ಮ್ಯಾಲ್ಕಮ್'ನ ಅಪ್ಪ ಹ್ಯಾಲ್, ಇಬ್ಬರೂ ಬ್ರಯಾನ್ ಕ್ರಾನ್‌ಸ್ಟನ್ ಅವರೇ. ಕಾಮಿಡಿ ಮುಗಿದದ್ದು 2006ರ ಮೇ ತಿಂಗಳಲ್ಲಿ. 'ಬ್ರೇಕಿಂಗ್ ಬ್ಯಾಡ್' ಶುರುವಾದದ್ದು 2008ರ ಜನವರಿಯಲ್ಲಿ. ನಡುವೆ ಎರಡು ವರ್ಷವೂ ಇಲ್ಲ. ಹಾಗಾಗಿ 'ಕಾಮಿಡಿ ನಟ ರಾತ್ರೋರಾತ್ರಿ ಬದಲಾದ' ಅಂತ ಬಹಳ ಜನ ಬರೆಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಹ್ಯಾಲ್‌ನನ್ನು ಗಮನವಿಟ್ಟು ನೋಡಿದವರಿಗೆ ವಾಲ್ಟರ್ ಹೊಸಬ ಅನ್ನಿಸುವುದಿಲ್ಲ. ಹೆಂಡತಿಗೆ ಗೊತ್ತಾಗದ ಹಾಗೆ ಏನೋ ಮಾಡಿಕೊಂಡು, ಅದನ್ನು ಮುಚ್ಚಿಡಲು ಇನ್ನೇನೋ ಮಾಡಿ, ಒಳಗೊಳಗೇ ನಡುಗುವ ಗಂಡಸು. ಇಬ್ಬರೂ ಅವನೇ. ಒಂದರಲ್ಲಿ ನಾವು ನಗುತ್ತೇವೆ, ಇನ್ನೊಂದರಲ್ಲಿ ಉಸಿರು ಬಿಗಿಹಿಡಿಯುತ್ತೇವೆ, ಅಷ್ಟೇ.

ಇದು ಅರ್ಥವಾಗಬೇಕಾದರೆ ಆ ಸೀರಿಯಲ್ ಎಂಥದ್ದು, ಅದನ್ನು ಹೇಗೆ ತೆಗೆದರು ಅಂತ ಮೊದಲು ಹೇಳಬೇಕು.

'ಮ್ಯಾಲ್ಕಮ್ ಇನ್ ದ ಮಿಡಲ್' ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ 2000ದ ಜನವರಿ 9ರಂದು ಶುರುವಾಯಿತು. ಏಳು ಸೀಸನ್, ಒಟ್ಟು 151 ಕಂತು. ಮೊದಲ ಕಂತನ್ನೇ ಎರಡು ಕೋಟಿಗೂ ಹೆಚ್ಚು ಜನ ನೋಡಿದರು. ಕತೆ ಒಂದು ಮನೆಯದು. ಅಪ್ಪ ಹ್ಯಾಲ್‌ಗೆ ಆಫೀಸಿನಲ್ಲಿ ಏನೋ ಒಂದು ಕೆಲಸ. ಅಮ್ಮ ಲೋಯಿಸ್ 'ಲಕ್ಕಿ ಏಡ್' ಅನ್ನುವ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ನಾಲ್ಕು ಗಂಡುಮಕ್ಕಳು. ದೊಡ್ಡವ ಫ್ರಾನ್ಸಿಸ್‌ನ ಕಾಟ ತಡೆಯಲಾರದೆ ಮಿಲಿಟರಿ ಶಾಲೆಗೆ ಅಟ್ಟಿದ್ದಾರೆ. ಎರಡನೆಯವ ರೀಸ್, ಕೈ ಮುಂದೆ, ಬುದ್ಧಿ ಹಿಂದೆ. ಮೂರನೆಯವ ಮ್ಯಾಲ್ಕಮ್. ಕಿರಿಯವ ಡ್ಯೂಯಿ. ಮೊದಲ ಕಂತಿನಲ್ಲೇ ಮ್ಯಾಲ್ಕಮ್‌ನ ಐಕ್ಯೂ 165 ಅಂತ ಗೊತ್ತಾಗುತ್ತದೆ. ಅವನನ್ನು ಜಾಣ ಮಕ್ಕಳ ಕ್ಲಾಸಿಗೆ ಹಾಕುತ್ತಾರೆ. ಅವನಿಗೆ ಅದು ದೊಡ್ಡ ಶಿಕ್ಷೆ. ಆಗಾಗ ಅವನು ಕ್ಯಾಮೆರಾ ಕಡೆ ತಿರುಗಿ ನಮ್ಮ ಹತ್ತಿರವೇ ತನ್ನ ಗೋಳು ಹೇಳಿಕೊಳ್ಳುತ್ತಾನೆ.

ಇದನ್ನು ಬರೆದವರು ಲಿನ್‌ವುಡ್ ಬೂಮರ್. ಅವರೂ ಮೊದಲು ನಟರೇ. 'ಲಿಟಲ್ ಹೌಸ್ ಆನ್ ದ ಪ್ರೇರಿ' ಅನ್ನುವ ಹೆಸರಾಂತ ಸೀರಿಯಲ್‌ನಲ್ಲಿ ಕಣ್ಣು ಕಾಣದ ಮೇಷ್ಟ್ರ ಪಾತ್ರ ಮಾಡಿದ್ದರು. ನಾಲ್ಕು ಅಣ್ಣತಮ್ಮಂದಿರಲ್ಲಿ ಅವರು ಮೂರನೆಯವರು. ಜಾಣ ಮಕ್ಕಳ ಕ್ಲಾಸಿನಲ್ಲಿ ಓದಿದವರು. ಅಂದರೆ ಮ್ಯಾಲ್ಕಮ್ ಬಹಳ ಮಟ್ಟಿಗೆ ಅವರೇ. ಆ ಮನೆಯಲ್ಲಿ ದುಡ್ಡಿಲ್ಲ ಅನ್ನುವುದು ಪ್ರತಿ ಕಂತಿನಲ್ಲೂ ಕಾಣುತ್ತದೆ. ಅಂಗಳದಲ್ಲಿ ಹುಲ್ಲು ಒಣಗಿದೆ. ಬಟ್ಟೆ ಅಣ್ಣನಿಂದ ತಮ್ಮನಿಗೆ ಇಳಿದು ಬಂದದ್ದು. ತಿಂಗಳ ಬಿಲ್ಲು ಬಂತೆಂದರೆ ಅಡುಗೆಮನೆಯಲ್ಲೇ ಜಗಳ. ಆಗಿನ ಅಮೆರಿಕನ್ ಕಾಮಿಡಿಗಳಲ್ಲಿ ಕಾಫಿ ಕುಡಿಯುತ್ತಾ ಕೂರುವವರ ಮನೆಗಳೂ ಅರಮನೆಯ ಹಾಗೆ ಇರುತ್ತಿದ್ದವು. ಇಲ್ಲಿ ಹಾಗಲ್ಲ.

ಈಗ ತೆಗೆದ ಬಗೆ. 1951ರಲ್ಲಿ 'ಐ ಲವ್ ಲೂಸಿ' ಶುರುವಾದಾಗಿನಿಂದ ಅಮೆರಿಕನ್ ಕಾಮಿಡಿಗಳಿಗೆ ಒಂದು ಪದ್ಧತಿ ಗಟ್ಟಿಯಾಗಿ ಕೂತಿತ್ತು. ಮೂರು ಗೋಡೆಯ ಸೆಟ್. ಎದುರಿಗೆ ಪ್ರೇಕ್ಷಕರು. ಮೂರು ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡುತ್ತವೆ. ನಟರು ವಾರವಿಡೀ ರಿಹರ್ಸಲ್ ಮಾಡಿ ಒಂದು ಸಂಜೆ ನಾಟಕದ ಹಾಗೆ ಆಡಿ ಮುಗಿಸುತ್ತಾರೆ. ಜನ ನಕ್ಕರೆ ನಗು ಇಳಿಯುವವರೆಗೆ ಕಾಯುತ್ತಾರೆ. ಆಮೇಲೆ ಮುಂದಿನ ಮಾತು. ಬೂಮರ್ ಮತ್ತು ಮೊದಲ ಕಂತಿನ ನಿರ್ದೇಶಕ ಟಾಡ್ ಹಾಲೆಂಡ್ ಇದೆಲ್ಲವನ್ನೂ ಬಿಟ್ಟರು. ಪ್ರೇಕ್ಷಕರಿಲ್ಲ. ರೆಕಾರ್ಡ್ ಮಾಡಿದ ನಗುವೂ ಇಲ್ಲ. ಸಿನಿಮಾ ತೆಗೆಯುವ ಹಾಗೆ ಒಂದೇ ಕ್ಯಾಮೆರಾ ಇಟ್ಟುಕೊಂಡು ಶಾಟ್ ಶಾಟ್ ತೆಗೆದರು. ಬೀದಿ, ಕಾರು, ಅಂಗಳ, ಮನೆ ಚಾವಣಿ ಎಲ್ಲಾ ಕಡೆ ಕ್ಯಾಮೆರಾ ಹೋಯಿತು. 2000ದಲ್ಲಿ ಮೊದಲ ಕಂತಿನ ಬರವಣಿಗೆಗೆ ಬೂಮರ್‌ಗೂ, ನಿರ್ದೇಶನಕ್ಕೆ ಹಾಲೆಂಡ್‌ಗೂ ಎಮ್ಮಿ, ಅಂದರೆ ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿ, ಬಂತು. ಆಮೇಲೆ ಬಂದ 'ಸ್ಕ್ರಬ್ಸ್', 'ಅರೆಸ್ಟೆಡ್ ಡೆವಲಪ್‌ಮೆಂಟ್', 'ಮಾಡರ್ನ್ ಫ್ಯಾಮಿಲಿ' ಎಲ್ಲವೂ ನಗುವಿನ ಸದ್ದಿಲ್ಲದ ಈ ದಾರಿಯಲ್ಲೇ ನಡೆದವು.

ನಟರಿಗೆ ಇದರಿಂದ ಏನಾಯಿತು? ನಗು ಬಂತೋ ಇಲ್ಲವೋ ಅಂತ ಕಿವಿಗೊಡುವ ಗೊಡವೆ ಹೋಯಿತು. ಎಷ್ಟೇ ಹುಚ್ಚು ಸನ್ನಿವೇಶವಾದರೂ ಪಾತ್ರ ಅದನ್ನು ನಿಜವೆಂದೇ ನಂಬಿ ನಡೆಯಬೇಕು. ಇದೇ ಪಾಠ ಕ್ರಾನ್‌ಸ್ಟನ್‌ಗೆ ಮುಂದೆ ಕೆಲಸಕ್ಕೆ ಬಂತು.

ಒಂದು ಸಣ್ಣ ದೃಶ್ಯ ಹೇಳುತ್ತೇನೆ. ಒಂದು ಕಂತು ಶುರುವಾಗುವುದೇ ಇದರಿಂದ. ಹ್ಯಾಲ್ ಮನೆಗೆ ಬಂದು ಸ್ವಿಚ್ ಒತ್ತುತ್ತಾನೆ. ಬಲ್ಬ್ ಹೋಗಿದೆ. ಹೊಸ ಬಲ್ಬ್ ತೆಗೆಯಲು ಹೋದರೆ ಕಪಾಟಿನ ಹಲಗೆ ಅಲ್ಲಾಡುತ್ತದೆ. ಸ್ಕ್ರೂಡ್ರೈವರ್‌ಗೆ ಅಂತ ಡ್ರಾಯರ್ ಎಳೆದರೆ ಅದು ಕಿರ್‍ರ್ ಅನ್ನುತ್ತದೆ. ಎಣ್ಣೆ ಹಾಕೋಣ ಅಂದರೆ ಡಬ್ಬಿ ಖಾಲಿ. ತರಲು ಕಾರು ಹತ್ತಿದರೆ ಕಾರೇ ಸರಿಯಿಲ್ಲ. ಕೊನೆಗೆ ಅವನು ಕಾರಿನ ಕೆಳಗೆ ಮಲಗಿದ್ದಾನೆ. ಮೈಯೆಲ್ಲಾ ಮಸಿ. ಲೋಯಿಸ್ ಬಂದು ಅಡುಗೆಮನೆಯ ಬಲ್ಬ್ ಬದಲಾಯಿಸುತ್ತೀಯಾ ಅಂತ ಕೇಳುತ್ತಾಳೆ. ಅವನಿಗೆ ಸಿಟ್ಟು ನೆತ್ತಿಗೇರುತ್ತದೆ. ನಾನು ಮತ್ತೇನು ಮಾಡ್ತಾ ಇದೀನಿ ಅಂದ್ಕೊಂಡೆ ಅನ್ನುವ ಅರ್ಥದಲ್ಲಿ ರೇಗುತ್ತಾನೆ. ಒಂದೆರಡು ನಿಮಿಷವೂ ಇಲ್ಲದ ದೃಶ್ಯ. ಮಾತು ಬಹಳ ಕಡಿಮೆ. ಕ್ರಾನ್‌ಸ್ಟನ್ ಎಲ್ಲೂ ನಮ್ಮನ್ನು ನಗಿಸಲು ಹೋಗುವುದಿಲ್ಲ. ಪ್ರತಿ ಸಲವೂ ಅವರ ಮುಖದಲ್ಲಿ 'ಇದೊಂದು ಸರಿ ಮಾಡಿಬಿಟ್ಟರೆ ಮುಗಿಯಿತು' ಅನ್ನುವ ನಂಬಿಕೆ. ಈಗ ವಾಲ್ಟರ್ ವೈಟ್‌ನನ್ನು ನೆನಪಿಸಿಕೊಳ್ಳಿ. ಅವನ ಐದು ಸೀಸನ್ನಿನ ಕತೆಯೂ ಇದೇ ಅಲ್ವಾ? ಇದೊಂದು ಸರಿ ಮಾಡಿಬಿಟ್ಟರೆ ಮುಗಿಯಿತು ಅಂದುಕೊಂಡೇ ಅವನು ಆಳಕ್ಕೆ ಇಳಿಯುತ್ತಾ ಹೋಗುತ್ತಾನೆ.

ಹ್ಯಾಲ್ ಪಾತ್ರ ಮೊದಲ ಕಂತಿನ ಕಾಗದದಲ್ಲಿ ದೊಡ್ಡದಾಗಿರಲಿಲ್ಲ. ಅವನು ಅಡುಗೆಮನೆಯಲ್ಲಿ ಬರಿಮೈಯಲ್ಲಿ ನಿಂತು ಪೇಪರ್ ಓದುತ್ತಿರುತ್ತಾನೆ. ಲೋಯಿಸ್ ಅವನ ಬೆನ್ನಿನ ಕೂದಲು ಬೋಳಿಸುತ್ತಿರುತ್ತಾಳೆ. ಮಕ್ಕಳು ಅಲ್ಲೇ ಕೂತು ತಿಂಡಿ ತಿನ್ನುತ್ತಿರುತ್ತಾರೆ. ಕ್ರಾನ್‌ಸ್ಟನ್ ಆ ಪಾತ್ರವನ್ನು ಕಟ್ಟಿದ ರೀತಿ ನನಗೆ ಬಹಳ ಇಷ್ಟ. ಲೋಯಿಸ್ ಏನೇನೋ ಅದಕ್ಕೆ ತದ್ವಿರುದ್ಧವಾಗಿ ಹ್ಯಾಲ್ ಇರಬೇಕು ಅಂತ ಅವರು ಯೋಚಿಸಿದರು. ಅವಳಿಗೆ ಯಾವ ಹೆದರಿಕೆಯೂ ಇಲ್ಲ. ಹಾಗಾದರೆ ಅವನಿಗೆ ಎಲ್ಲದಕ್ಕೂ ಹೆದರಿಕೆ. ಅವಳ ಕಣ್ಣು ಎಲ್ಲದರ ಮೇಲೂ ಇರುತ್ತದೆ. ಹಾಗಾದರೆ ಅವನ ಮನಸ್ಸು ಇನ್ನೆಲ್ಲೋ ಇರುತ್ತದೆ. ಭಯವೇ ಹ್ಯಾಲ್‌ನ ಬೇರು. ವಾಲ್ಟರ್‌ನ ಬೇರೂ ಅದೇ.

ಎರಡನೇ ಕಂತನ್ನೇ ತೆಗೆದುಕೊಳ್ಳಿ. ಲೋಯಿಸ್‌ಳ ಹೊಸ ಕೆಂಪು ಡ್ರೆಸ್ ಸುಟ್ಟು ಟಾಯ್ಲೆಟ್‌ನಲ್ಲಿ ಬಿದ್ದಿದೆ. ಆವತ್ತು ಅವರ ಮದುವೆಯ ವಾರ್ಷಿಕೋತ್ಸವ. ಹ್ಯಾಲ್ ಹೋಟೆಲಿನಲ್ಲಿ ಕಾಯುತ್ತಿದ್ದಾನೆ. ಅವಳು ಮನೆ ಬಿಟ್ಟು ಹೊರಡುವುದಿಲ್ಲ. ಯಾರು ಸುಟ್ಟದ್ದು ಅಂತ ಮೂರು ಮಕ್ಕಳ ವಿಚಾರಣೆ ನಡೆಸುತ್ತಾಳೆ. ಮಿಲಿಟರಿ ಶಾಲೆಯಿಂದ ಫ್ರಾನ್ಸಿಸ್ ಫೋನಿನಲ್ಲೇ ತಮ್ಮಂದಿರಿಗೆ ಬಾಯಿಬಿಡಬೇಡಿ ಅಂತ ಉಪಾಯ ಹೇಳಿಕೊಡುತ್ತಾನೆ. ಕೊನೆಗೆ ನಮಗೆ ಗೊತ್ತಾಗುವುದು, ಸುಟ್ಟವನು ಹ್ಯಾಲ್! ಇನ್ನೊಂದು ಕಂತಿನಲ್ಲಿ ಅವನು ವರ್ಷಗಟ್ಟಲೆ ಶುಕ್ರವಾರ ಆಫೀಸಿಗೇ ಹೋಗಿಲ್ಲ ಅನ್ನುವುದು ಹೊರಬೀಳುತ್ತದೆ. ಮನೆಯಲ್ಲಿ ಯಾರಿಗೂ ಅದರ ಸುಳಿವಿಲ್ಲ. ಎರಡು ಬದುಕು ಬದುಕುವ ಗಂಡಸಿನ ಪಾತ್ರವನ್ನು ಕ್ರಾನ್‌ಸ್ಟನ್ ಅಷ್ಟು ಹೊತ್ತಿಗೇ ಅರಗಿಸಿಕೊಂಡಿದ್ದರು.

ನೀವು ಬಿಳಿ ಚಡ್ಡಿಯ ಮಾತು ಎತ್ತಿದ್ದು ಒಳ್ಳೆಯದೇ ಆಯಿತು. 'ಬ್ರೇಕಿಂಗ್ ಬ್ಯಾಡ್' ಶುರುವಾಗುವಾಗ ಮರುಭೂಮಿಯಲ್ಲಿ ವಾಲ್ಟರ್ ಅದೇ ಥರದ ಬಿಳಿ ಚಡ್ಡಿಯಲ್ಲಿ ನಿಂತಿರುತ್ತಾನೆ. ಹ್ಯಾಲ್‌ಗೂ ಅದೇ ಇತ್ತಲ್ಲ, ಬದಲಾಯಿಸಬೇಕಾ ಅಂತ ತಾವು ಯೋಚಿಸಿದ್ದಾಗಿ ಕ್ರಾನ್‌ಸ್ಟನ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಕೊನೆಗೆ ಹಾಗೇ ಇಟ್ಟುಕೊಂಡರು. ಹ್ಯಾಲ್ ಮೈಮೇಲೆ ಅದು ದೊಡ್ಡವನಾದರೂ ಹುಡುಗನಾಗಿಯೇ ಉಳಿದ ಗಂಡಸನ್ನು ತೋರಿಸುತ್ತದೆ. ವಾಲ್ಟರ್ ಮೈಮೇಲೆ ಅದೇ ಬಟ್ಟೆ ಸೋತವನ ಅವಸ್ಥೆ ತೋರಿಸುತ್ತದೆ.

ಆದರೂ ವಾಲ್ಟರ್ ಪಾತ್ರ ಅವರಿಗೆ ಸುಲಭಕ್ಕೆ ಸಿಗಲಿಲ್ಲ. ಇಲ್ಲೊಂದು ಹಳೆಯ ಕೊಂಡಿ ಇದೆ. ಕ್ರಾನ್‌ಸ್ಟನ್ ಹುಟ್ಟಿದ್ದು 1956ರಲ್ಲಿ. ಹ್ಯಾಲ್ ಆಗುವಾಗ ಅವರಿಗೆ 43 ವರ್ಷ. ಅದಕ್ಕೂ ಮೊದಲು ಸುಮಾರು ಇಪ್ಪತ್ತು ವರ್ಷ ಜಾಹೀರಾತು, ಹಗಲಿನ ಧಾರಾವಾಹಿ, ಸಣ್ಣಪುಟ್ಟ ಪಾತ್ರ ಮಾಡಿಕೊಂಡು ಬಂದವರು. 'ಸೈನ್‌ಫೆಲ್ಡ್'ನಲ್ಲಿ ಹಲ್ಲಿನ ಡಾಕ್ಟರ್. 'ಸೇವಿಂಗ್ ಪ್ರೈವೇಟ್ ರಯಾನ್'ನಲ್ಲಿ ಒಂದು ಕೈ ಇಲ್ಲದ ಕರ್ನಲ್. 1998ರಲ್ಲಿ 'ದ ಎಕ್ಸ್ ಫೈಲ್ಸ್'ನ 'ಡ್ರೈವ್' ಅನ್ನುವ ಕಂತಿನಲ್ಲಿ ಒಂದು ಪಾತ್ರ ಸಿಕ್ಕಿತು. ಅದರಲ್ಲಿ ಅವನು ಕಾರಿನಲ್ಲಿ ಕೂತು ಪಶ್ಚಿಮಕ್ಕೆ ವೇಗವಾಗಿ ಹೋಗುತ್ತಲೇ ಇರಬೇಕು. ನಿಂತರೆ ತಲೆ ಸಿಡಿದು ಸಾಯುತ್ತಾನೆ. ಬಾಯಿಬಿಟ್ಟರೆ ದ್ವೇಷ ಕಾರುವ ಮನುಷ್ಯ. ಅವನನ್ನು ಕಂಡರೆ ಅಸಹ್ಯ ಬರಬೇಕು, ಸಾಯುವಾಗ ಮಾತ್ರ ಅಯ್ಯೋ ಅನ್ನಿಸಬೇಕು. ಆ ಕಂತು ಬರೆದವರು ವಿನ್ಸ್ ಗಿಲಿಗನ್. ಮುಂದೆ 'ಬ್ರೇಕಿಂಗ್ ಬ್ಯಾಡ್' ಬರೆದವರೂ ಅವರೇ.

ಗಿಲಿಗನ್ ಕ್ರಾನ್‌ಸ್ಟನ್ ಹೆಸರು ಹೇಳಿದಾಗ, 'ಬ್ರೇಕಿಂಗ್ ಬ್ಯಾಡ್' ಪ್ರಸಾರ ಮಾಡಲಿದ್ದ ಎಎಂಸಿ ಚಾನೆಲ್‌ನವರಿಗೆ ಹ್ಯಾಲ್ ಮುಖವೇ ಕಣ್ಣೆದುರು ಬಂತು. ಆ ಪೆದ್ದ ಅಪ್ಪನಾ ಅಂತ ಹಿಂದೇಟು ಹಾಕಿದರು. ಗಿಲಿಗನ್ 'ಡ್ರೈವ್' ಕಂತನ್ನು ತೋರಿಸಿದ ಮೇಲೆ ಒಪ್ಪಿದರು. 'ಮ್ಯಾಲ್ಕಮ್'ಗೆ ಎಂಟನೇ ಸೀಸನ್ ಆಗಿದ್ದಿದ್ದರೆ ತಾವು ಆ ಪಾತ್ರಕ್ಕೆ ಸಿಗುತ್ತಲೇ ಇರಲಿಲ್ಲ ಅಂತ ಕ್ರಾನ್‌ಸ್ಟನ್ ಹೇಳಿಕೊಂಡಿದ್ದಾರೆ. ಮುಂದಿನದು ನಿಮಗೆ ಗೊತ್ತು. 2008, 2009, 2010, ಮತ್ತೆ 2014, ನಾಲ್ಕು ಸಲ ಎಮ್ಮಿ. 2014ರಲ್ಲಿ ರಂಗಭೂಮಿಯ ಟೋನಿ ಪ್ರಶಸ್ತಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಪಾತ್ರಕ್ಕೆ. 2019ರಲ್ಲಿ 'ನೆಟ್‌ವರ್ಕ್' ನಾಟಕಕ್ಕೆ ಇನ್ನೊಂದು ಟೋನಿ. ನಡುವೆ 'ಟ್ರಂಬೊ' ಸಿನಿಮಾಕ್ಕೆ ಆಸ್ಕರ್ ನಾಮನಿರ್ದೇಶನ. ಹ್ಯಾಲ್ ಪಾತ್ರಕ್ಕೂ ಮೂರು ಸಲ ಎಮ್ಮಿ ನಾಮನಿರ್ದೇಶನ ಬಂದಿತ್ತು. ಪ್ರಶಸ್ತಿ ಬರಲಿಲ್ಲ.

ಪ್ರಶಸ್ತಿಯ ಮಾತು ಬಂದಾಗಲೆಲ್ಲ ನನಗೆ ಸಂಕಟವಾಗುವುದು ಬೇರೆಯವರ ವಿಷಯಕ್ಕೆ. ನಿಮ್ಮ ಪ್ರಶ್ನೆಯಲ್ಲಿ ಅಮ್ಮನ ಹೆಸರೇ ಇಲ್ಲ. ಬಹಳ ಜನ ಹೀಗೇ ಮರೆಯುತ್ತಾರೆ. ಲೋಯಿಸ್ ಪಾತ್ರ ಮಾಡಿದ ಜೇನ್ ಕಜ್‌ಮಾರೆಕ್ ಇಲ್ಲದಿದ್ದರೆ ಈ ಸೀರಿಯಲ್ ಮೊದಲ ವಾರದಲ್ಲೇ ಕುಸಿಯುತ್ತಿತ್ತು ಅಂತ ನಾನು ದೃಢವಾಗಿ ನಂಬಿದ್ದೇನೆ.

ಅವರು ಯೇಲ್ ನಾಟಕ ಶಾಲೆಯಲ್ಲಿ ಕಲಿತವರು. ಲೋಯಿಸ್ ಕೂಗುತ್ತಾಳೆ, ಬೆದರಿಸುತ್ತಾಳೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಣ್ಣಲ್ಲೇ ಸುಳ್ಳು ಹಿಡಿಯುತ್ತಾಳೆ. ಬರಿ ಗಯ್ಯಾಳಿಯಾಗಿ ಆಡಿದ್ದರೆ ಎರಡೇ ಕಂತಿಗೆ ಸಾಕಾಗುತ್ತಿತ್ತು. ಕಜ್‌ಮಾರೆಕ್ ಹಾಗೆ ಆಡಲಿಲ್ಲ. ಅಂಗಡಿಯಲ್ಲಿ ದಿನವಿಡೀ ನಿಂತು ಬಂದ ಹೆಂಗಸಿನ ಸುಸ್ತು ಅವರ ಹೆಗಲಲ್ಲಿ ಕಾಣುತ್ತದೆ. ಅವಳ ಸಿಟ್ಟಿಗೆ ಯಾವಾಗಲೂ ಒಂದು ಕಾರಣ ಇರುತ್ತದೆ. ಈ ಹುಡುಗರನ್ನು ನಾನು ಬಿಟ್ಟರೆ ಜಗತ್ತು ತುಳಿದುಬಿಡುತ್ತದೆ ಅನ್ನುವ ಭಯ ಆ ಸಿಟ್ಟಿನ ಅಡಿಯಲ್ಲಿದೆ. ಗಂಡನ ಮೇಲೆ ಅವಳಿಗೆ ಎಂಥ ಪ್ರೀತಿ ಅಂದರೆ, ಅಷ್ಟು ರಂಪದ ನಡುವೆ ಇಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ನೋಡಿಕೊಳ್ಳುತ್ತಾರೆ. ನಾಲ್ಕನೇ ಸೀಸನ್‌ನಲ್ಲಿ ಕಜ್‌ಮಾರೆಕ್ ನಿಜವಾಗಿಯೂ ಬಸುರಿಯಾಗಿದ್ದರು. ಅದನ್ನು ಮುಚ್ಚಿಡುವ ಬದಲು ಕತೆಯೊಳಗೇ ತಂದರು. ಐದನೇ ಮಗು ಜೇಮಿ ಹುಟ್ಟಿದ್ದು ಹಾಗೆ.

ಏಳು ಸೀಸನ್, ಏಳು ಎಮ್ಮಿ ನಾಮನಿರ್ದೇಶನ. ಒಂದೂ ಬರಲಿಲ್ಲ. 2000, 2001ರಲ್ಲಿ ಪೆಟ್ರೀಷಿಯಾ ಹೀಟನ್ ಗೆದ್ದರು. 2002ರಲ್ಲಿ ಜೆನಿಫರ್ ಆನಿಸ್ಟನ್. 2003ರಲ್ಲಿ ಡೆಬ್ರಾ ಮೆಸಿಂಗ್. 2004ರಲ್ಲಿ ಸಾರಾ ಜೆಸಿಕಾ ಪಾರ್ಕರ್. 2005ರಲ್ಲಿ ಫೆಲಿಸಿಟಿ ಹಫ್‌ಮನ್. 2006ರಲ್ಲಿ ಜೂಲಿಯಾ ಲೂಯಿ ಡ್ರೇಫಸ್. ಎಲ್ಲರೂ ಒಳ್ಳೆಯ ನಟಿಯರೇ. ಆದರೂ ಏಳರಲ್ಲಿ ಒಂದಾದರೂ ಕಜ್‌ಮಾರೆಕ್‌ಗೆ ಸಲ್ಲಬೇಕಿತ್ತು. ಲೋಯಿಸ್‌ಳ ಅಮ್ಮನಾಗಿ, ಅಂದರೆ ಆ ಘಟವಾಣಿ ಅಜ್ಜಿಯಾಗಿ ಬಂದ ಕ್ಲೋರಿಸ್ ಲೀಚ್‌ಮನ್‌ಗೆ ಅತಿಥಿ ನಟಿಯಾಗಿ 2002 ಮತ್ತು 2006ರಲ್ಲಿ ಎರಡು ಎಮ್ಮಿ ಬಂದವು. ಲೀಚ್‌ಮನ್ ದೊಡ್ಡ ಹೆಸರು, 'ದ ಲಾಸ್ಟ್ ಪಿಕ್ಚರ್ ಶೋ'ಗೆ ಆಸ್ಕರ್ ಪಡೆದವರು. 2021ರಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಂಡರು.

'ಮ್ಯಾಲ್ಕಮ್' ಮುಗಿದ ಮೇಲೆ ಕಜ್‌ಮಾರೆಕ್ 'ರೇಸಿಂಗ್ ದ ಬಾರ್' ಅನ್ನುವ ಕೋರ್ಟಿನ ಸೀರಿಯಲ್‌ನಲ್ಲಿ ನ್ಯಾಯಾಧೀಶೆಯಾದರು. ನಾಟಕಗಳಿಗೆ ಮರಳಿದರು. ಕ್ರಾನ್‌ಸ್ಟನ್‌ಗೆ ಸಿಕ್ಕಂಥ ಪಾತ್ರ ಅವರಿಗೆ ಸಿಗಲಿಲ್ಲ. ಕಾರಣ ಪ್ರತಿಭೆಯಲ್ಲಿಲ್ಲ. ಐವತ್ತು ದಾಟಿದ ಗಂಡಸನ್ನು ನಡುವೆ ಇಟ್ಟು ಐದು ಸೀಸನ್ ಕತೆ ಬರೆಯುವವರು ಆಗ ಇದ್ದರು. ಅದೇ ವಯಸ್ಸಿನ ಹೆಂಗಸಿಗೆ ಹಾಗೆ ಬರೆಯುವವರು ಬಹಳ ಕಡಿಮೆ. 'ಅವರೊಬ್ಬರೇ ಎತ್ತರಕ್ಕೆ ಹೋದರು' ಅನ್ನುವ ನಿಮ್ಮ ಮಾತಿಗೆ ನನ್ನ ಉತ್ತರದ ಒಂದು ಭಾಗ ಇದು.

ಇನ್ನು ಹುಡುಗರು. 'ಕಾಣೆಯಾದರು' ಅಂತ ಬರೆದಿದ್ದೀರಿ. ಬಾಲನಟರ ಬಗ್ಗೆ ನಾವೆಲ್ಲ ಹೀಗೇ ಮಾತಾಡುತ್ತೇವೆ. ತೆರೆ ಮೇಲೆ ಕಾಣದಿದ್ದರೆ ಸೋತರು ಅಂತ ಲೆಕ್ಕ ಹಾಕುತ್ತೇವೆ. ಇವರ ವಿಷಯದಲ್ಲಿ ಅದು ಸುಳ್ಳು.

ಮೊದಲು ಒಂದು ಕಾನೂನಿನ ವಿಷಯ ಹೇಳಿಬಿಡುತ್ತೇನೆ. ಚಾಪ್ಲಿನ್ ಜೊತೆ 'ದ ಕಿಡ್' ಸಿನಿಮಾದಲ್ಲಿದ್ದ ಪುಟ್ಟ ಹುಡುಗ ಜಾಕಿ ಕೂಗನ್ ಲಕ್ಷಾಂತರ ಡಾಲರ್ ದುಡಿದಿದ್ದ. ದೊಡ್ಡವನಾಗಿ ನೋಡಿದರೆ ದುಡ್ಡೆಲ್ಲ ತಾಯಿ, ಮಲತಂದೆ ಕೈಯಲ್ಲಿ ಕರಗಿತ್ತು. 1938ರಲ್ಲಿ ಕೋರ್ಟಿಗೆ ಹೋದ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆ ಕಾಪಾಡಲು ಕಾನೂನು ಬಂತು. ಅದರಲ್ಲಿ ತೂತುಗಳು ಜಾಸ್ತಿ ಇದ್ದವು. ಅದನ್ನು ತಿದ್ದಿ ಬಿಗಿ ಮಾಡಿದ ಹೊಸ ರೂಪ ಜಾರಿಗೆ ಬಂದದ್ದು 2000ದ ಜನವರಿ 1ರಂದು. ಮಗುವಿನ ದುಡಿಮೆ ಮಗುವಿನದೇ ಆಸ್ತಿ, ಅದರಲ್ಲಿ ಕನಿಷ್ಠ 15 ಶೇಕಡಾ ಬೇರೆ ಖಾತೆಯಲ್ಲಿ ಇಡಲೇಬೇಕು. 'ಮ್ಯಾಲ್ಕಮ್'ನ ಮೊದಲ ಕಂತು ಬಂದದ್ದು ಅದಾಗಿ ಎಂಟು ದಿನಕ್ಕೆ. ಕೆಲಸದ ವೇಳೆಗೂ ಅಲ್ಲಿ ನಿಯಮವಿದೆ. ಶಾಲೆಗೆ ಹೋಗುವ ವಯಸ್ಸಿನ ಮಗು ಸೆಟ್‌ನಲ್ಲಿದ್ದರೆ ಶಾಲೆ ನಡೆಯುವ ದಿನಗಳಲ್ಲಿ ಮೂರು ಗಂಟೆ ಪಾಠ ಆಗಲೇಬೇಕು. ಅದಕ್ಕೆ ಸೆಟ್‌ನಲ್ಲೇ ಟೀಚರ್ ಇರುತ್ತಾರೆ. ಒಂಬತ್ತು ವರ್ಷ ತುಂಬದ ಮಗುವನ್ನು ಅಂಥ ದಿನ ನಾಲ್ಕು ಗಂಟೆಗಿಂತ ಜಾಸ್ತಿ ಕ್ಯಾಮೆರಾ ಮುಂದೆ ನಿಲ್ಲಿಸುವಂತಿಲ್ಲ. ಡ್ಯೂಯಿ ಆಗಿದ್ದ ಎರಿಕ್ ಪರ್ ಸಲಿವನ್‌ಗೆ ಮೊದಲ ಕಂತು ಬಂದಾಗ ಎಂಟೇ ವರ್ಷ.

ಮ್ಯಾಲ್ಕಮ್ ಆಗಿದ್ದ ಫ್ರಾಂಕಿ ಮ್ಯೂನಿಜ್‌ಗೆ ಆಗ 14. ಒಂದು ಸ್ವಾರಸ್ಯ ಹೇಳುತ್ತೇನೆ. ಅವನ ಅಣ್ಣ ರೀಸ್ ಆಗಿದ್ದ ಜಸ್ಟಿನ್ ಬರ್‌ಫೀಲ್ಡ್ ನಿಜದಲ್ಲಿ ಮ್ಯೂನಿಜ್‌ಗಿಂತ ಎರಡೂವರೆ ತಿಂಗಳಷ್ಟು ಚಿಕ್ಕವರು. ತೆರೆ ಮೇಲೆ ಅಣ್ಣನ ಗುದ್ದು ನೋಡಿದರೆ ಯಾರೂ ನಂಬುವುದಿಲ್ಲ.

ಮ್ಯೂನಿಜ್ ಆ ಹೊತ್ತಿನ ದೊಡ್ಡ ಬಾಲತಾರೆ. 2001ರಲ್ಲಿ ಮುಖ್ಯ ನಟನ ಎಮ್ಮಿಗೆ ನಾಮನಿರ್ದೇಶನ ಬಂತು. ದೊಡ್ಡವರ ಸಾಲಿನಲ್ಲಿ 15 ವರ್ಷದ ಹುಡುಗ. 'ಮೈ ಡಾಗ್ ಸ್ಕಿಪ್', 'ಬಿಗ್ ಫ್ಯಾಟ್ ಲೈಯರ್', 'ಏಜೆಂಟ್ ಕೋಡಿ ಬ್ಯಾಂಕ್ಸ್', ಸಾಲಾಗಿ ಸಿನಿಮಾ. ಸೀರಿಯಲ್ ಮುಗಿದಾಗ 20 ವರ್ಷ. ಆಗ ಅವರು ನಟನೆ ಬಿಟ್ಟು ರೇಸ್ ಕಾರು ಹತ್ತಿದರು. 2006ರಲ್ಲಿ ಫಾರ್ಮುಲಾ ಬಿಎಂಡಬ್ಲ್ಯು, ಮರುವರ್ಷದಿಂದ ಅಟ್ಲಾಂಟಿಕ್ ಚಾಂಪಿಯನ್‌ಶಿಪ್. 2009ರಲ್ಲಿ ಗಾಯವಾಗಿ ನಿಲ್ಲಿಸಬೇಕಾಯಿತು. ಆಮೇಲೆ ಕಿಂಗ್ಸ್‌ಫಾಯಿಲ್ ಅನ್ನುವ ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸಿದರು. ಅರಿಜೋನಾದಲ್ಲಿ ಹೆಂಡತಿ ಜೊತೆ ಆಲಿವ್ ಎಣ್ಣೆಯ ಅಂಗಡಿ ನಡೆಸಿದರು. ಮತ್ತೆ ಟ್ರ್ಯಾಕ್ ಕರೆಯಿತು. 2023ರಲ್ಲಿ ಆರ್ಕಾ ಅನ್ನುವ ಕಾರ್ ರೇಸ್ ಸರಣಿಯ ಪೂರ್ತಿ ಸೀಸನ್ ಓಡಿಸಿ ಅಂಕಪಟ್ಟಿಯಲ್ಲಿ ನಾಲ್ಕನೆಯವರಾದರು. 2025ರಲ್ಲಿ ಅಮೆರಿಕದ ಹೆಸರಾಂತ ಮೋಟಾರ್ ರೇಸ್ ಸಂಸ್ಥೆ ನ್ಯಾಸ್ಕಾರ್‌ನ ಟ್ರಕ್ ಸರಣಿಗೆ ಪೂರ್ಣಾವಧಿ ಚಾಲಕರಾದರು. ಹತ್ತು ವರ್ಷ ದೂರವಿದ್ದು, ನಲವತ್ತು ಹತ್ತಿರ ಬಂದಾಗ ಇಪ್ಪತ್ತರ ಹುಡುಗರ ಜೊತೆ ಪೈಪೋಟಿಗೆ ಇಳಿಯುವುದು ಸುಮ್ನೆ ಶೋಕಿಗೆ ಆಗುವ ಕೆಲಸ ಅಲ್ಲ. ಇದರಲ್ಲಿ ಸೋಲು ಎಲ್ಲಿದೆ?

ಬರ್‌ಫೀಲ್ಡ್ ಕ್ಯಾಮೆರಾ ಹಿಂದಕ್ಕೆ ಹೋದರು. ಗೆಳೆಯರೊಬ್ಬರ ಜೊತೆ ನಿರ್ಮಾಣ ಸಂಸ್ಥೆ ಕಟ್ಟಿದರು. 2010ರಲ್ಲಿ 'ಸನ್ಸ್ ಆಫ್ ಟೂಸಾನ್' ಅನ್ನುವ ಸೀರಿಯಲ್ ನಿರ್ಮಿಸಿದರು. ವರ್ಜಿನ್ ಗುಂಪಿನ ಸಿನಿಮಾ ಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಫ್ರಾನ್ಸಿಸ್ ಆಗಿದ್ದ ಕ್ರಿಸ್ಟಫರ್ ಮಾಸ್ಟರ್‌ಸನ್ ಅಲ್ಲೊಂದು ಇಲ್ಲೊಂದು ಪಾತ್ರ ಮಾಡುತ್ತಾ ಡಿಜೆ ಆಗಿ ಕೆಲಸ ಮಾಡಿದರು.

ಎರಿಕ್ ಪರ್ ಸಲಿವನ್ ಬಗ್ಗೆ ಹೇಳಬೇಕಾದ್ದು ಅವರ ಕೆಲಸದ ಬಗ್ಗೆ. ಎಂಟನೇ ವಯಸ್ಸಿಗೆ 'ದ ಸೈಡರ್ ಹೌಸ್ ರೂಲ್ಸ್' ಸಿನಿಮಾದಲ್ಲಿ ಕಾಯಿಲೆಯ ಅನಾಥ ಹುಡುಗನಾಗಿ ಕಣ್ಣಲ್ಲಿ ನೀರು ತರಿಸಿದವರು. 'ಫೈಂಡಿಂಗ್ ನೀಮೊ'ದಲ್ಲಿ ಸೀನುತ್ತಲೇ ಇರುವ ಪುಟ್ಟ ಸಮುದ್ರಕುದುರೆಯ ದನಿ ಅವರದೇ. 'ಮ್ಯಾಲ್ಕಮ್'ನಲ್ಲಿ ಡ್ಯೂಯಿ ಬೆಳೆದ ಬಗೆ ಅದ್ಭುತ. ಮೊದಲ ಸೀಸನ್‌ನಲ್ಲಿ ಅಣ್ಣಂದಿರ ಏಟು ತಿನ್ನುವ ಪೆದ್ದ ತಮ್ಮ. ಮುಂದೆ ಮನೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಮನಸ್ಸಿನವ, ಪಿಯಾನೋ ನುಡಿಸುವ ಪ್ರತಿಭಾವಂತ. ಆ ಬದಲಾವಣೆಯನ್ನು ಆ ಹುಡುಗ ಎಷ್ಟು ಸಹಜವಾಗಿ ಮಾಡಿದ ಅಂದರೆ ನಮಗೆ ಗೊತ್ತೇ ಆಗುವುದಿಲ್ಲ. 2010ರ ಹೊತ್ತಿಗೆ ನಟನೆ ಬಿಟ್ಟು ಓದಿನ ಕಡೆ ಹೋದರು. ಎಲ್ಲಿದ್ದಾನೆ, ಹೇಗಿದ್ದಾನೆ ಅಂತ ಕೆದಕುವ ಜನ ಇವತ್ತಿಗೂ ಇದ್ದಾರೆ. ದಯವಿಟ್ಟು ಬಿಟ್ಟುಬಿಡಿ ಅಂತ ನನ್ನ ವಿನಂತಿ. ಬಾಲ್ಯ ನಮ್ಮೆದುರೇ ಕಳೆದವರಿಗೆ ದೊಡ್ಡವರಾದ ಮೇಲೆ ತಮ್ಮ ಪಾಡಿಗೆ ಇರುವ ಹಕ್ಕು ಇದೆ.

2024ರ ಡಿಸೆಂಬರ್‌ನಲ್ಲಿ ಡಿಸ್ನಿ ಸಂಸ್ಥೆ ಈ ಕುಟುಂಬವನ್ನು ನಾಲ್ಕು ಹೊಸ ಕಂತುಗಳಿಗೆ ಮತ್ತೆ ಕೂಡಿಸುವುದಾಗಿ ಹೇಳಿತು. ಹ್ಯಾಲ್, ಲೋಯಿಸ್ ಮದುವೆಯ ನಲವತ್ತನೇ ವರ್ಷ ಅದರ ನೆಪ. ಕ್ರಾನ್‌ಸ್ಟನ್, ಕಜ್‌ಮಾರೆಕ್, ಮ್ಯೂನಿಜ್, ಬರ್‌ಫೀಲ್ಡ್, ಮಾಸ್ಟರ್‌ಸನ್ ಎಲ್ಲರೂ ಬಂದರು. ಸಲಿವನ್ ಬರಲಿಲ್ಲ. ಡ್ಯೂಯಿ ಪಾತ್ರಕ್ಕೆ ಕೇಲಬ್ ಎಲ್ಸ್‌ವರ್ತ್ ಕ್ಲಾರ್ಕ್ ಅವರನ್ನು ಆರಿಸಿದರು. ಇದನ್ನು ಶುರುವಿನಲ್ಲೇ ನೋಡಬೇಡಿ. ಹಳೆಯದು ಮೈಗೆ ಹತ್ತಿದ ಮೇಲೆ ನೋಡಿ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ. ಮೊದಲ ಎರಡು ಕಂತು ಒಟ್ಟಿಗೆ ನೋಡಿ. ಬೆನ್ನಿನ ಕೂದಲಿನ ದೃಶ್ಯ, ಕೆಂಪು ಡ್ರೆಸ್ ಎರಡೂ ಅಲ್ಲೇ ಇವೆ. ಅದೇ ಸೀಸನ್‌ನಲ್ಲಿ ಹ್ಯಾಲ್ ಮಗನಿಗೆ ರೋಲರ್ ಸ್ಕೇಟಿಂಗ್ ಕಲಿಸುವ ಕಂತಿದೆ, ಬಿಡಬೇಡಿ. ಜಾಣ ಮಕ್ಕಳ ಜೊತೆ ಸೇರಿ ಹ್ಯಾಲ್ ಕಾದಾಡುವ ರೋಬೋ ಮಾಡುವ ಕಂತೂ ಇದೆ. ಅದರಲ್ಲಿ ಕ್ರಾನ್‌ಸ್ಟನ್ ಮೈಮೇಲೆ ಮುತ್ತಿರುವುದು ನಿಜವಾದ ಜೇನುಹುಳುಗಳೇ. ಆಮೇಲೆ ಎರಡನೇ ಸೀಸನ್‌ನ 'ಬೌಲಿಂಗ್'. ಹುಡುಗರನ್ನು ಬೌಲಿಂಗ್ ಆಡಿಸಲು ಅಮ್ಮ ಕರೆದುಕೊಂಡು ಹೋದರೆ ಏನಾಗುತ್ತದೆ, ಅಪ್ಪ ಕರೆದುಕೊಂಡು ಹೋದರೆ ಏನಾಗುತ್ತದೆ ಅಂತ ಒಂದೇ ಸಂಜೆಯನ್ನು ಎರಡು ಕತೆಯಾಗಿ ಹೆಣೆದಿದ್ದಾರೆ. 2001ರಲ್ಲಿ ನಿರ್ದೇಶನಕ್ಕೆ, ಬರವಣಿಗೆಗೆ ಎರಡಕ್ಕೂ ಎಮ್ಮಿ ಬಂದ ಕಂತು ಅದು. ಕ್ರಾನ್‌ಸ್ಟನ್, ಕಜ್‌ಮಾರೆಕ್ ಇಬ್ಬರ ಕೆಲಸವನ್ನೂ ಪಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ಒಳ್ಳೆಯ ಕಂತಿಲ್ಲ.

ಕೊನೆಯ ಕಂತನ್ನು ಕೊನೆಗೇ ಇಟ್ಟುಕೊಳ್ಳಿ. ತುಣುಕುಗಳಲ್ಲಿ ಅದರ ಮುಖ್ಯ ದೃಶ್ಯ ಮಗಳು ಇನ್ನೂ ತೋರಿಸಿಲ್ಲವಾದರೆ ತೋರಿಸಬೇಡ ಅಂತ ಹೇಳಿ. ಮ್ಯಾಲ್ಕಮ್‌ಗೆ ಕೈತುಂಬಾ ಸಂಬಳದ ಕೆಲಸವೊಂದು ಬರುತ್ತದೆ. ಲೋಯಿಸ್ ಅದನ್ನು ಯಾಕೆ ತಪ್ಪಿಸುತ್ತಾಳೆ, ಮಗನಿಂದ ಅವಳು ಏನು ಬಯಸಿದ್ದಾಳೆ ಅನ್ನುವುದು ಎಲ್ಲರೂ ಗಲೀಜಾಗಿ ನಿಂತಿರುವಾಗ ಹೊರಬರುತ್ತದೆ. 150 ಕಂತುಗಳ ಕೂಗಾಟಕ್ಕೆಲ್ಲ ಅಲ್ಲಿ ಉತ್ತರ ಸಿಗುತ್ತದೆ. ಆ ದೃಶ್ಯದಲ್ಲಿ ಕ್ಯಾಮೆರಾ ಯಾರ ಮೇಲಿದ್ದರೂ ನೀವು ಕಜ್‌ಮಾರೆಕ್ ದನಿ ಕೇಳಿ. ಇನ್ನು 'ದ ಎಕ್ಸ್ ಫೈಲ್ಸ್' ಎಲ್ಲಾದರೂ ಸಿಕ್ಕರೆ ಆರನೇ ಸೀಸನ್‌ನ 'ಡ್ರೈವ್' ಕಂತನ್ನೂ ನೋಡಿ. ಹಿಂದಿನ ಕತೆ ಏನೂ ಗೊತ್ತಿರಬೇಕಾಗಿಲ್ಲ, ಅದೊಂದೇ ಕಂತು ಸಾಕು.